ಮನೆಯೊಳಗಿನ ಕಚೇರಿ: ಮೂವತ್ತು ಚದರ ಅಡಿಯ ಲೆಕ್ಕಾಚಾರ

ಬೆಳ್ಳಾರೆಯಂಥ ಪೇಟೆಯಲ್ಲಿ ವ್ಯಾಪಾರವೆಂದರೆ ಸಾಮಾನ್ಯವಾಗಿ ಒಂದು ಅಥವಾ ಎರಡು ಶಟರಿನ ಅಂಗಡಿ. ಅಡಿಕೆ, ಕಾಳುಮೆಣಸು, ರಬ್ಬರು, ಕೊಕ್ಕೋ ಖರೀದಿಸುವಲ್ಲಿ ಚೀಲಗಳಿಗೂ ತಕ್ಕಡಿಗೂ ಜಾಗ ಸಾಲುವುದಿಲ್ಲ. ಹಾಳೆತಟ್ಟೆ ತಯಾರಿಸುವ ಸಣ್ಣ ಘಟಕಗಳಲ್ಲಿ ಯಂತ್ರವಿಟ್ಟು ಉಳಿದ ಸ್ಥಳವನ್ನು ಹಾಳೆಗಳೇ ಆಕ್ರಮಿಸಿರುತ್ತವೆ. ಹೀಗಾಗಿ ಲೆಕ್ಕಪತ್ರದ ಕೆಲಸವು ರಾತ್ರಿ ಮನೆಗೆ ಬರುತ್ತದೆ. ಊಟದ ಮೇಜಿನ ಮೇಲೆ ಬಿಲ್ಲುಗಳು ಹರಡಿಕೊಳ್ಳುತ್ತವೆ, ಬಡಿಸುವ ಹೊತ್ತಿಗೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಲಾಗುತ್ತದೆ. ವರ್ಷಾಂತ್ಯದಲ್ಲಿ ಕಾಣೆಯಾಗುವ ಖರೀದಿ ಬಿಲ್ಲುಗಳಲ್ಲಿ ಹೆಚ್ಚಿನವು ಕಾಣೆಯಾಗುವುದು ಈ ಚೀಲದಲ್ಲಿಯೇ.

ಕಚೇರಿಯೆಂಬುದು ಬೆಳ್ಳಾರೆಗೆ ಹೊಸತೇನಲ್ಲ. 1837ರ ಅಮರ ಸುಳ್ಯ ರೈತ ದಂಗೆಯಲ್ಲಿ ಹೋರಾಟಗಾರರು ವಶಪಡಿಸಿಕೊಂಡದ್ದು ಇಲ್ಲಿದ್ದ ಕಂಪೆನಿ ಸರಕಾರದ ಖಜಾನೆಯನ್ನು. ಇಕ್ಕಟ್ಟಿನಲ್ಲಿ ಲೆಕ್ಕ ಇಡುವ ವಿದ್ಯೆಯೂ ಕನ್ನಡ ನಾಡಿನ ವರ್ತಕರಿಗೆ ಗೊತ್ತಿದ್ದದ್ದೇ. ಹುಣಿಸೆಬೀಜದ ಅಂಟು ಹಾಗೂ ಇದ್ದಿಲ ಪುಡಿಯನ್ನು ಬಟ್ಟೆಗೆ ಲೇಪಿಸಿ ತಯಾರಿಸುತ್ತಿದ್ದ ಕಡತವನ್ನು ಬಿಚ್ಚಿದರೆ ಮಾರುದ್ದ, ಮಡಚಿದರೆ ಕಂಕುಳಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು. ಆದರೆ ಇಂದಿನ ವ್ಯಾಪಾರಿಗೆ ಆ ಸ್ವಾತಂತ್ರ್ಯವಿಲ್ಲ. ಲೆಕ್ಕವನ್ನು ಎಲ್ಲಿ ಇಡಬೇಕು, ಎಷ್ಟು ಕಾಲ ಇಡಬೇಕು ಎಂಬುದನ್ನು ಈಗ ಕಾನೂನೇ ನಿರ್ಧರಿಸುತ್ತದೆ. ಆದ್ದರಿಂದ ಮನೆ ಕಚೇರಿಯ ವಿನ್ಯಾಸವನ್ನು ಬಡಗಿಯಿಂದ ಆರಂಭಿಸದೆ ಕಾನೂನಿನಿಂದ ಆರಂಭಿಸುವುದು ಕ್ಷೇಮ.

ಕಾನೂನು ಅಳೆದ ಕಪಾಟು

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 35ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳು ನೋಂದಣಿ ಪತ್ರದಲ್ಲಿ ನಮೂದಿಸಿದ ಪ್ರಧಾನ ವ್ಯವಹಾರ ಸ್ಥಳದಲ್ಲಿ ಇರಬೇಕು. ಒಂದಕ್ಕಿಂತ ಹೆಚ್ಚು ಸ್ಥಳಗಳಿದ್ದರೆ ಆಯಾ ಸ್ಥಳದ ಲೆಕ್ಕ ಅಲ್ಲಲ್ಲಿಯೇ ಇರಬೇಕು; ವಿದ್ಯುನ್ಮಾನ ರೂಪದಲ್ಲಿ ಇಡುವುದಕ್ಕೂ ಅವಕಾಶವಿದೆ. ನೋಂದಣಿಯಲ್ಲಿ ಅಂಗಡಿಯ ವಿಳಾಸ ಮಾತ್ರವಿದ್ದು ಪುಸ್ತಕಗಳೆಲ್ಲ ಮನೆಯಲ್ಲಿದ್ದರೆ ಅದು ಕ್ರಮಬದ್ಧವಲ್ಲ. ಮನೆಯನ್ನು ನೋಂದಣಿಗೆ ಸೇರಿಸಲು ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಬದಲಾವಣೆಯಾದ 15 ದಿನಗಳೊಳಗೆ ಅದನ್ನು ಮಾಡಬೇಕೆಂಬುದು ನಿಯಮ. ಮನೆ ತಂದೆಯ ಅಥವಾ ಪತ್ನಿಯ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಜೊತೆಗೆ ಮನೆ ತೆರಿಗೆ ರಶೀದಿ ಅಥವಾ ವಿದ್ಯುತ್ ಬಿಲ್ಲು ಬೇಕಾಗುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ವ್ಯವಹಾರ ಸ್ಥಳವೆಂದು ಘೋಷಿಸಿದ ಮೇಲೆ, ಜಂಟಿ ಆಯುಕ್ತರಿಂದ ಅಧಿಕಾರ ಪಡೆದ ಅಧಿಕಾರಿಯು 71ನೇ ಕಲಮಿನಡಿ ಅಲ್ಲಿಗೆ ಬಂದು ಲೆಕ್ಕಪತ್ರ ಪರಿಶೀಲಿಸಬಹುದು. ಹಾಗೆ ಬಂದವರು ಅಡುಗೆಮನೆಯನ್ನೋ ಮಲಗುವ ಕೋಣೆಯನ್ನೋ ಹಾದು ಹೋಗುವಂತಾದರೆ ಮನೆಮಂದಿಗೆ ಮುಜುಗರ. ಕಚೇರಿಯ ಮೂಲೆಯು ಮನೆಯ ಮುಂಭಾಗದಲ್ಲಿ, ಜಗಲಿಯಿಂದ ನೇರವಾಗಿ ತಲುಪುವಂತೆ ಇರಬೇಕೆಂಬುದಕ್ಕೆ ವಾಸ್ತುವಿಗಿಂತಲೂ ಬಲವಾದ ಕಾರಣ ಇದೇ.

ಇನ್ನು ಅವಧಿ. 36ನೇ ಕಲಮಿನ ಪ್ರಕಾರ ಆಯಾ ವರ್ಷದ ವಾರ್ಷಿಕ ವಿವರಣಾಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2023-24ನೇ ಸಾಲಿಗೆ ಆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು; ಆದ್ದರಿಂದ ಆ ಸಾಲಿನ ಬಿಲ್ಲುಗಳು 2030ರ ಡಿಸೆಂಬರ್ 31ರ ತನಕ ಕೈಗೆ ಸಿಗುವಂತಿರಬೇಕು. ಮೇಲ್ಮನವಿಯೋ ತನಿಖೆಯೋ ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ಅಂದರೆ ಯಾವುದೇ ಸಮಯದಲ್ಲಿ, ಚಾಲ್ತಿ ವರ್ಷವೂ ಸೇರಿ, ಎಂಟು ವರ್ಷಗಳ ಕಾಗದಪತ್ರಗಳು ಮನೆಯಲ್ಲಿರುತ್ತವೆ ಎಂದಾಯಿತು.

ಸಣ್ಣ ವ್ಯಾಪಾರಿಗೆ ವರ್ಷಕ್ಕೆ ಮೂರು ದಪ್ಪ ಫೈಲುಗಳು ಸಾಕು: ಖರೀದಿಗೊಂದು, ಮಾರಾಟಕ್ಕೊಂದು, ಬ್ಯಾಂಕು ಹಾಗೂ ಖರ್ಚಿನ ವೋಚರುಗಳಿಗೊಂದು. ಎಂಟು ವರ್ಷಕ್ಕೆ 24. ಚಾಲ್ತಿ ವರ್ಷದ ಮೂರು ಮೇಜಿನ ಮೇಲಿದ್ದರೆ ಕಪಾಟಿಗೆ ಉಳಿಯುವುದು 21. ಇಂಥ ಫೈಲಿನ ಬೆನ್ನು ಸುಮಾರು 3 ಇಂಚು. 3 ಅಡಿ ಉದ್ದದ ಹಲಗೆಯಲ್ಲಿ 11 ಫೈಲುಗಳು ಸಲೀಸಾಗಿ ನಿಲ್ಲುತ್ತವೆ. ಎರಡು ಹಲಗೆಗಳಲ್ಲಿ ಕಾನೂನು ಕೇಳುವ ದಾಖಲೆಗಳೆಲ್ಲ ಮುಗಿದವು. ಬೃಹತ್ ಬೀರು ಕೊಳ್ಳುವ ಅಗತ್ಯವೇ ಇಲ್ಲ. ಪ್ರತಿ ಜನವರಿಯಲ್ಲಿ ಅವಧಿ ಮೀರಿದ ಮೂರು ಫೈಲುಗಳು ಹೊರಹೋದರೆ ಏಪ್ರಿಲಿನಲ್ಲಿ ಹೊಸ ವರ್ಷದ ಮೂರಕ್ಕೆ ಸ್ಥಳ ಸಿದ್ಧವಾಗಿರುತ್ತದೆ.

ಮೂಲೆಯ ಆಯ್ಕೆ

6 ಅಡಿ ಅಗಲ, 5 ಅಡಿ ಆಳದ ಜಾಗ ಸಾಕು. 4 ಅಡಿ ಉದ್ದ, 2 ಅಡಿ ಆಳ, 30 ಇಂಚು ಎತ್ತರದ ಮೇಜು. ಅದರ ಹಿಂದೆ ಕುರ್ಚಿ ಸರಿಸಲು 3 ಅಡಿ. ಪಕ್ಕದಲ್ಲಿ ಉಳಿದ 2 ಅಡಿಯಲ್ಲಿ ಪ್ರಿಂಟರನ್ನು ಹೊತ್ತ ಬೀಗವಿರುವ ಸಣ್ಣ ಪೆಟ್ಟಿಗೆ. ಮೇಜಿನಿಂದ 20 ಇಂಚು ಮೇಲೆ ಮೊದಲ ಹಲಗೆ, ಅದರಿಂದ 15 ಇಂಚು ಮೇಲೆ ಎರಡನೆಯದು. ಹಲಗೆಯ ಆಳ 12 ಇಂಚು ಸಾಕು. ಹೆಚ್ಚಾದರೆ ಫೈಲಿನ ಹಿಂದೆ ಮತ್ತೊಂದು ಸಾಲು ಸೇರಿಕೊಳ್ಳುತ್ತದೆ, ಹಿಂದಿನ ಸಾಲನ್ನು ಯಾರೂ ನೋಡುವುದಿಲ್ಲ.

ಮೆಟ್ಟಿಲಿನ ಕೆಳಗಿನ ಜಾಗವನ್ನು ಹಲವರು ಮೆಚ್ಚುತ್ತಾರೆ; ಗಾಳಿಯಾಡದಿದ್ದರೆ ಅದು ಬೂಸ್ಟಿನ ಗೂಡು. ಹಂಚಿನ ಮನೆಯ ಅಟ್ಟ ಏಪ್ರಿಲಿನಲ್ಲಿ ಸೆಕೆ, ಜುಲೈಯಲ್ಲಿ ಸೋರಿಕೆ. ಜಗಲಿಗೆ ಗಾಳಿಮಳೆಯ ಎರಚಲು ಬಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ, ಚಾವಡಿಯ ಒಳಗೋಡೆಗೆ ತಾಗಿದ ಮೂಲೆಯೇ ಎಲ್ಲಕ್ಕಿಂತ ಉತ್ತಮ. ಮುರಕಲ್ಲಿನ ಹೊರಗೋಡೆಯಾದರೆ ತೇವವು ಒಳಗಿಳಿದು ಫೈಲಿನ ಬೆನ್ನನ್ನು ಮುಟ್ಟುತ್ತದೆ. ಒಳಗೋಡೆಯಾದರೂ ಹಲಗೆಗೂ ಗೋಡೆಗೂ ನಡುವೆ ಒಂದಿಂಚು ಬಿಡುವುದು ಲೇಸು. ನೆಲದ ಮೇಲೆ ಕಾಗದ ಇಡಲೇಬಾರದು. ಗೆದ್ದಲಿಗೆ ತೆರಿಗೆ ವರ್ಷದ ಭೇದವಿಲ್ಲ.

ಅಂದದ ಮಾತು. ಸಣ್ಣ ಜಾಗದಲ್ಲಿ ಅಂದವು ವಸ್ತುಗಳು ಕಡಿಮೆಯಾದಾಗ ಬರುತ್ತದೆ, ಹೆಚ್ಚಾದಾಗ ಅಲ್ಲ. ಹಲಸಿನ ಅಥವಾ ಸಂಸ್ಕರಿಸಿದ ರಬ್ಬರ್ ಮರದ ಹಲಗೆ, ಗೋಡೆಗೆ ತಿಳಿ ಬಣ್ಣ, ಫೈಲುಗಳಿಗೆಲ್ಲ ಒಂದೇ ಬಣ್ಣ, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ವರ್ಷ: ಇಷ್ಟರಿಂದಲೇ ಮೂಲೆಯು ಕಚೇರಿಯಾಗಿ ಕಾಣುತ್ತದೆ. ಸಂಸ್ಕರಿಸದ ರಬ್ಬರ್ ಮರ ಅಗ್ಗವೆಂದು ಕೊಂಡರೆ ಕೆಲವೇ ಕಾಲದಲ್ಲಿ ಹುಳು ಹಿಡಿಯುತ್ತದೆ. ಗಣಕಯಂತ್ರದ ಪರದೆಯು ಕಿಟಕಿಗೆ ಎದುರಾಗಿಯೂ ಬೆನ್ನಾಗಿಯೂ ಇರದೆ ಅಡ್ಡವಾಗಿದ್ದರೆ ಕಣ್ಣಿಗೆ ಹಿತ. ಸಾಲ ಮಂಜೂರು ಮಾಡುವ ಬ್ಯಾಂಕಿನ ಅಧಿಕಾರಿ ಭೇಟಿ ನೀಡಿದಾಗ ಬೇಕಾದ ಫೈಲನ್ನು ಅರೆ ನಿಮಿಷದಲ್ಲಿ ತೆಗೆದುಕೊಡಬಲ್ಲ ವ್ಯಾಪಾರಿಗೆ ಸಿಗುವ ಗೌರವವು ದುಬಾರಿ ಸೋಫಾದಿಂದ ಸಿಗದು.

ಪೆಟ್ರೋಲ್ ಬಂಕಿನ ಚೀಟಿ, ತೂಕದ ಚೀಟಿಗಳಲ್ಲಿ ಹಲವು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಮುದ್ರಿತವಾಗಿರುತ್ತವೆ. ಒಂದೆರಡು ವರ್ಷಗಳಲ್ಲಿ ಅಕ್ಷರಗಳು ಮಾಸಿ ಹೋಗುತ್ತವೆ, 72 ತಿಂಗಳ ಮಾತು ಹಾಗಿರಲಿ. ಅವುಗಳನ್ನು ಅದೇ ವಾರ ನಕಲು ಮಾಡಿ ಮೂಲದೊಂದಿಗೆ ಲಗತ್ತಿಸಬೇಕು. ಗಣಕಯಂತ್ರದ ಲೆಕ್ಕಕ್ಕೂ ಪ್ರತಿ ವಾರ ಪ್ರತ್ಯೇಕ ಡಿಸ್ಕಿನಲ್ಲಿ ಪ್ರತಿಯೊಂದು ಬೇಕು. ಆ ಡಿಸ್ಕು ಅಂಗಡಿಯಲ್ಲಿರಲಿ. ಎಪ್ರಿಲ್-ಮೇ, ಅಕ್ಟೋಬರ್-ನವೆಂಬರ್ ತಿಂಗಳುಗಳ ಗುಡುಗು ಮಿಂಚಿನಿಂದ ಯುಪಿಎಸ್ ಕಾಪಾಡುವುದಿಲ್ಲ. ವಿದ್ಯುತ್ ಪ್ಲಗ್ಗಿನೊಂದಿಗೆ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು.

ತೆರಿಗೆಯ ಲಾಭವೆಷ್ಟು?

ಮನೆಯ ಒಂದು ಭಾಗವನ್ನು ವ್ಯವಹಾರಕ್ಕೆ ಬಳಸಿದರೆ ಆ ಪ್ರಮಾಣದ ಬಾಡಿಗೆಯನ್ನು ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಮೊತ್ತವನ್ನು ನೋಡಿ ಉತ್ಸಾಹಪಡಬೇಕು. 750 ಚದರ ಅಡಿಯ ಬಾಡಿಗೆ ಮನೆಯಲ್ಲಿ 30 ಚದರ ಅಡಿಯೆಂದರೆ ಶೇ. 4. ತಿಂಗಳ ಬಾಡಿಗೆ 8,000 ರೂ. ಆದರೆ ವರ್ಷಕ್ಕೆ ಸಿಗುವ ಖರ್ಚು 3,840 ರೂ. ಮಾತ್ರ. ಪೀಠೋಪಕರಣಕ್ಕೆ ಶೇ. 10, ಗಣಕಯಂತ್ರಕ್ಕೆ ಶೇ. 40 ಸವಕಳಿ ಇದೆ: 20,000 ರೂ.ಗಳ ಮೇಜು ಕಪಾಟಿಗೆ 2,000, 40,000 ರೂ.ಗಳ ಗಣಕಯಂತ್ರಕ್ಕೆ 16,000. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ.

1961ರ ಕಾಯ್ದೆಯ 44ಎಡಿ ಕಲಮೆಂದೇ ಪರಿಚಿತವಾದ, ವಹಿವಾಟಿನ ಶೇ. 8 ಅಥವಾ 6ರಂತೆ ಅಂದಾಜು ಲಾಭ ತೋರಿಸುವ ಪದ್ಧತಿಯನ್ನು ಆಯ್ದುಕೊಂಡವರಿಗೆ ಇವಾವುವೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಆ ಶೇಕಡಾವಾರಿನಲ್ಲಿಯೇ ಎಲ್ಲ ಖರ್ಚುಗಳು ಅಡಕವಾಗಿವೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಈ ಪದ್ಧತಿ ಮುಂದುವರಿದಿದೆ. ಗಣಕಯಂತ್ರದ ಮೇಲೆ ತೆತ್ತ ಶೇ. 18 ಜಿಎಸ್‌ಟಿಯ ಮಾತು ಬೇರೆ. ಬಿಲ್ಲಿನಲ್ಲಿ ವ್ಯವಹಾರದ ಹೆಸರು, ಜಿಎಸ್‌ಟಿ ಸಂಖ್ಯೆ ಇದ್ದರೆ ಅದನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು: 40,000ಕ್ಕೆ 7,200 ರೂ. ಕಾಂಪೊಸಿಷನ್ ಪದ್ಧತಿಯವರಿಗೆ ಇದಿಲ್ಲ. ಹೀಗೆ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಮಗನ ಹೆಸರಿನಲ್ಲಿ ಬಿಲ್ಲು ಮಾಡಿಸಿ ತಂದ ಲ್ಯಾಪ್‌ಟಾಪಿಗೆ ಈ ಲಾಭ ಸಿಗುವುದಿಲ್ಲವಾದ್ದರಿಂದ ಅಂಗಡಿಯ ಕೌಂಟರಿನಲ್ಲಿಯೇ ಹೆಸರು ಹೇಳಿಸಿಕೊಳ್ಳಬೇಕು.

ಕೊನೆಗೆ ಗೋಡೆಯಲ್ಲಿ ಒಂದು ಚೌಕಟ್ಟಿನ ಜಾಗ ಬಿಟ್ಟಿರಬೇಕು. ಜಿಎಸ್‌ಟಿ ನಿಯಮ 18ರಂತೆ ನೋಂದಣಿ ಪತ್ರವನ್ನು ಪ್ರಧಾನ ಸ್ಥಳದಲ್ಲೂ ಪ್ರತಿಯೊಂದು ಹೆಚ್ಚುವರಿ ಸ್ಥಳದಲ್ಲೂ ಎದ್ದು ಕಾಣುವಂತೆ ತೂಗುಹಾಕಬೇಕು. ಪ್ರವೇಶದ್ವಾರದ ನಾಮಫಲಕದಲ್ಲಿ ನೋಂದಣಿ ಸಂಖ್ಯೆಯೂ ಇರಬೇಕು. ಮನೆಯ ಗೇಟಿನಲ್ಲಿ ದೊಡ್ಡ ಬೋರ್ಡು ಬೇಡವೆನಿಸಿದರೆ ಅಂಗೈಯಗಲದ ಹಿತ್ತಾಳೆ ಫಲಕವಾದರೂ ಆದೀತು.