ಹಲ್ಲಿನ ಹೊದಿಕೆ: ಬಗೆ ಯಾವುದು, ಬೆಲೆ ಎಷ್ಟು?



ಕಳೆದ ಸಂಚಿಕೆಯಲ್ಲಿ ತೊಗರಿಯ ಗೊಡ್ಡು ರೋಗದ ಬಗ್ಗೆ ಬರೆದಿದ್ದೆವು. ಈ ಸಲ ಕಡಲೆಯ ಕಾಯಿಕೊರಕದ ವಿಷಯ ತೆಗೆದುಕೊಳ್ಳಬೇಕೆಂದಿದ್ದೆವು. ಆದರೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ವಾಗದರಿ ಕಡೆಯ ಒಂದು ಕುಟುಂಬ ನಮ್ಮ ಮುಂದಿಟ್ಟ ಚೀಟಿಯು ಆ ಯೋಚನೆಯನ್ನು ಬದಲಿಸಿತು.

ಚೀಟಿ ಮರಾಠಿಯಲ್ಲಿತ್ತು. ಪಟ್ಟಣದ ಒಂದು ದಂತ ಚಿಕಿತ್ಸಾಲಯದವರು ಬರೆದುಕೊಟ್ಟ ಅಂದಾಜು ಪಟ್ಟಿ ಅದು. ಮೇಲಿನ ಆರು ಹಲ್ಲುಗಳಿಗೆ ವೆನೀರ್, ಒಂದಕ್ಕೆ 12,000 ರೂಪಾಯಿ, ಒಟ್ಟು 72,000.

"ಮಗಳ ಹಲ್ಲು ಕಂದು ಬಿದ್ದಾವ್ರಿ ಫಾದರ್. ನೋಡಾಕ ಬರೋರು ಅದಾರ. ಬಂಗಾರ ಪತಸಂಸ್ಥೆದಾಗ ಗಿರವಿ ಇಟ್ರ ಆಗ್ತದೇನ್ರಿ?" ಎಂದು ತಾಯಿ ಕೇಳಿದರು. ತಂದೆ ನೆಲ ನೋಡುತ್ತಾ ನಿಂತಿದ್ದರು. ನಾವು ಆಗ ಸಾಮಾನ್ಯವಾಗಿ ಗುರುಗಳು ಹೇಳುವ ಮಾತನ್ನೇ ಹೇಳಿಬಿಟ್ಟೆವು: ದೇವರು ನೋಡುವುದು ಹೃದಯವನ್ನು, ಹಲ್ಲನ್ನಲ್ಲ ಎಂದು. ಮಗಳು ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಗಾನವೃಂದದ ಕಡೆ ಗಮನಿಸಿ ನೋಡಿದೆವು. ಆ ಹುಡುಗಿ ತುಟಿ ಅರ್ಧವೇ ತೆರೆದು ಹಾಡುತ್ತಿದ್ದಳು. ನರ್ಸಿಂಗ್ ಓದುವ ಹುಡುಗಿ. ಕೊರೊನಾ ಮುಗಿದು ಇಷ್ಟು ವರ್ಷವಾದರೂ ವಾರ್ಡಿನಲ್ಲಿ ಮಾಸ್ಕ್ ತೆಗೆಯುವುದೇ ಇಲ್ಲವೆಂದು ಅನಂತರ ತಿಳಿಯಿತು. ನಮ್ಮ ಉಪದೇಶ ಸುಳ್ಳಲ್ಲದಿದ್ದರೂ ಆ ಹೊತ್ತಿಗೆ ಒಪ್ಪುವ ಮಾತಾಗಿರಲಿಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಓದಿ, ತಿಳಿದವರನ್ನು ಕೇಳಿ, ಇಲ್ಲಿ ಬರೆಯುತ್ತಿದ್ದೇವೆ.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ತೆಳುವಾದ ಹೊದಿಕೆ. ಬಡಗಿಗಳು ಪ್ಲೈವುಡ್ಡಿನ ಮೇಲೆ ಅಂಟಿಸುವ ತೆಳು ಸಾಗವಾನಿ ಪದರಿಗೂ ಇದೇ ಹೆಸರು. ಒಳಗಿನ ಮರ ಯಾವುದೇ ಇರಲಿ, ಕಣ್ಣಿಗೆ ಕಾಣುವುದು ಸಾಗವಾನಿ. ಈ ಉಪಾಯ ಹುಟ್ಟಿದ್ದು ಅಮೆರಿಕದ ಸಿನಿಮಾ ಲೋಕದಲ್ಲಿ. 1928ರ ಸುಮಾರಿಗೆ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಎಂಬುವರು ನಟರ ಹಲ್ಲಿಗೆ ಚಿತ್ರೀಕರಣದ ಹೊತ್ತಿಗಷ್ಟೇ ನಿಲ್ಲುವ ಹೊದಿಕೆ ಕೂರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆದಿಡಬೇಕಾಗಿತ್ತು, ಏಕೆಂದರೆ ಗಟ್ಟಿಯಾಗಿ ಹಿಡಿಯುವ ಅಂಟು ಆಗ ಇರಲಿಲ್ಲ. 1955ರಲ್ಲಿ ಮೈಕೆಲ್ ಬುಯೊನೊಕೋರ್ ಎಂಬ ವೈದ್ಯರು ಹಲ್ಲಿನ ಮೇಲ್ಮೈಗೆ ಆಮ್ಲ ಸವರಿ ಸ್ವಲ್ಪ ತರಿ ಮಾಡಿದರೆ ಅಂಟು ಕಚ್ಚಿಕೊಳ್ಳುತ್ತದೆಂದು ತೋರಿಸಿದರು. ನುಣುಪು ಗೋಡೆಗೆ ಗಿಲಾವು ನಿಲ್ಲುವುದಿಲ್ಲವೆಂದು ಗೌಂಡಿಯವರು ಮೊದಲು ಕಚ್ಚು ಹೊಡೆಯುವುದಿಲ್ಲವೇ, ಹಾಗೆಯೇ. 1980ರ ದಶಕದಿಂದ ಪಿಂಗಾಣಿಯ ಹೊದಿಕೆಯನ್ನು ಶಾಶ್ವತವಾಗಿ ಅಂಟಿಸುವ ಪದ್ಧತಿ ಬಳಕೆಗೆ ಬಂತು.

ಇಲ್ಲಿ ರೈತರು ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಹಲ್ಲಿನ ಹೊರಗಿನ ಬಿಳಿ ಗಟ್ಟಿ ಪದರಿಗೆ ಎನಾಮಲ್ ಎನ್ನುತ್ತಾರೆ. ಅದು ಹೊಲದ ಮೇಲುಮಣ್ಣಿನಂತೆ. ಮೇಲುಮಣ್ಣಾದರೂ ನೂರಾರು ವರ್ಷಕ್ಕೆ ಒಂದಿಷ್ಟು ಕೂಡೀತು. ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದೇ ಇಲ್ಲ. ಪಿಂಗಾಣಿಯ ಹೊದಿಕೆ ಕೂರಿಸಲು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ಉಜ್ಜಿ ತೆಗೆಯಬೇಕಾಗುತ್ತದೆ. ಆಮೇಲೆ ಆ ಹಲ್ಲು ಬರಿ ಮೈಯಲ್ಲಿ ಇರಲಾರದು. ಹೊದಿಕೆ ಹೋದಾಗಲೆಲ್ಲ ಮತ್ತೊಂದು ಹಾಕಿಸಲೇಬೇಕು. ಚೀಟಿ ಬರೆದುಕೊಟ್ಟವರು ಈ ಮಾತನ್ನು ಆ ಕುಟುಂಬಕ್ಕೆ ಹೇಳಿರಲಿಲ್ಲ.

ಇನ್ನು ಬಗೆಗಳು. ಮೊದಲನೆಯದು ಕಂಪೋಸಿಟ್. ಹಲ್ಲಿನ ಬಣ್ಣದ ಮೇಣದಂಥ ಪದಾರ್ಥವನ್ನು ವೈದ್ಯರೇ ಹಲ್ಲಿನ ಮೇಲೆ ಪದರ ಪದರವಾಗಿ ತಿದ್ದಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಹಲವು ಬಾರಿ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಹಲ್ಲನ್ನು ಉಜ್ಜುವುದು ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಮೂಲೆ ಒಡೆದರೆ ಅಷ್ಟನ್ನೇ ತುಂಬಿಸಬಹುದು. ಚಹಾ, ಅರಿಶಿನ, ಎಲೆ ಅಡಿಕೆಯಿಂದ ಇದು ಬಣ್ಣ ಹಿಡಿಯುತ್ತದೆ ಎಂಬುದೇ ಇದರ ದೋಷ. ಚೆನ್ನಾಗಿ ನೋಡಿಕೊಂಡರೆ ಸುಮಾರು ಐದರಿಂದ ಏಳು ವರ್ಷ. ನಮ್ಮ ಕಡೆಯ ಪಟ್ಟಣಗಳಲ್ಲಿ ಒಂದು ಹಲ್ಲಿಗೆ ಎರಡು ಸಾವಿರದಿಂದ ಐದಾರು ಸಾವಿರದವರೆಗೆ ಕೇಳುತ್ತಾರೆ.

ಎರಡನೆಯದು ಪಿಂಗಾಣಿ, ಅಂದರೆ ಪೋರ್ಸಲೇನ್ ಅಥವಾ ಸೆರಾಮಿಕ್. ಅಳತೆ ತೆಗೆದು, ಲ್ಯಾಬಿಗೆ ಕಳಿಸಿ, ಮಾಡಿಸಿ ತಂದು ಅಂಟಿಸುತ್ತಾರೆ. ಎರಡು ಮೂರು ಸಲ ಹೋಗಬೇಕು. ಹೊಳಪು ಸಹಜ ಹಲ್ಲಿನಂತೆಯೇ, ಕಲೆ ಹಿಡಿಯುವುದಿಲ್ಲ, ಹತ್ತರಿಂದ ಹದಿನೈದು ವರ್ಷ ಬರಬಹುದು. ಒಡೆದರೆ ಮಾತ್ರ ರಿಪೇರಿ ಕಷ್ಟ, ಹೆಚ್ಚಾಗಿ ಹೊಸದೇ ಬೇಕು. ಬೆಲೆ ಹಲ್ಲಿಗೆ ಎಂಟು ಸಾವಿರದಿಂದ ಹದಿನೈದು ಸಾವಿರ. ಪುಣೆ, ಬೆಂಗಳೂರಿನಂಥ ಊರುಗಳಲ್ಲಿ ಇನ್ನೂ ಮೇಲೆ. ಇದರಲ್ಲೇ ಇ-ಮ್ಯಾಕ್ಸ್ ಎಂಬುದು ಲಿಥಿಯಂ ಸೇರಿದ ಗಟ್ಟಿ ಜಾತಿ. ಲೂಮಿನಿಯರ್ಸ್ ಎಂಬುದು ತೀರ ತೆಳು, ಹಲ್ಲು ಉಜ್ಜದೆ ಅಂಟಿಸುವಂಥದ್ದು, ದುಬಾರಿ. ಕಡುಕಂದು ಕಲೆಯನ್ನು ಅಷ್ಟು ತೆಳು ಪದರು ಮುಚ್ಚುವುದೂ ಕಷ್ಟ.

ಮೊಬೈಲಿನಲ್ಲಿ ಜಾಹೀರಾತು ಬರುವ, ಅಂಚೆಯಲ್ಲಿ ತರಿಸಿ ಮನೆಯಲ್ಲೇ ಸಿಕ್ಕಿಸಿಕೊಳ್ಳುವ ಪ್ಲಾಸ್ಟಿಕ್ ಹಲ್ಲಿನ ಸಾಲು ವೆನೀರ್ ಅಲ್ಲವೇ ಅಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಕ್ಯಾಪ್ ಬೇರೆ, ವೆನೀರ್ ಬೇರೆ. ಕ್ಯಾಪ್ ಹಾಕಲು ಹಲ್ಲನ್ನು ಸುತ್ತಲೂ ಉಜ್ಜಿ ಗೂಟದಂತೆ ಮಾಡುತ್ತಾರೆ. ರೂಟ್ ಕೆನಾಲ್ ಆದ ಹಲ್ಲಿಗೆ, ಬಹಳ ಒಡೆದ ಹಲ್ಲಿಗೆ ಅದು ಸರಿಯೇ. ಬರಿ ಬಣ್ಣಗೆಟ್ಟ ಗಟ್ಟಿ ಹಲ್ಲಿಗೆ ಕ್ಯಾಪ್ ಹಾಕುವುದೆಂದರೆ ಹಸಿ ಮರವನ್ನು ಕಡಿದು ಕಂಬ ನೆಟ್ಟಂತೆ. ಕಡಿಮೆ ದುಡ್ಡಿಗೆ ವೆನೀರ್ ಮಾಡಿಕೊಡುತ್ತೇವೆಂದು ಹೇಳಿ ಕ್ಯಾಪ್ ಹಾಕುವವರೂ ಇದ್ದಾರೆ. "ಸುತ್ತಲೂ ಉಜ್ಜುತ್ತೀರೋ, ಮುಂದೆ ಮಾತ್ರವೋ?" ಎಂಬ ಒಂದೇ ಪ್ರಶ್ನೆಯಿಂದ ಇದು ತಿಳಿದುಬಿಡುತ್ತದೆ. ಸಂತೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಲ್ಲಿನವರ ಹತ್ತಿರವಂತೂ ಹೋಗಲೇಬಾರದು. ಕಾಯಿದೆಯ ಪ್ರಕಾರ ನೋಂದಾಯಿಸಿಕೊಂಡ ದಂತವೈದ್ಯರು ಮಾತ್ರ ಈ ವೃತ್ತಿ ಮಾಡಬಹುದು. ನೋಂದಣಿ ಸಂಖ್ಯೆ ಕೇಳುವುದು ಅವಮಾನ ಮಾಡಿದಂತೆ ಅಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭುವೇ ಹೇಳಿದ್ದಾರೆ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇತ್ತು. ಹಾಗಾದರೆ 72,000 ಎಂದರೆ ಒಂಬತ್ತು ಕ್ವಿಂಟಲ್ ತೊಗರಿ. ಮಳೆ ನಂಬಿದ ಎರಡು ಮೂರು ಎಕರೆಯ ಪೂರ್ತಿ ಫಸಲು, ಅದೂ ಬೀಜ, ಔಷಧ, ಆಳಿನ ಖರ್ಚು ಕಳೆಯದೆ. ವರ್ಷದ ಲೆಕ್ಕ ಹಾಕಿದರೆ 12,000ದ ಪಿಂಗಾಣಿ ಹನ್ನೆರಡು ವರ್ಷ ಬಂದರೆ ಹಲ್ಲಿಗೆ ವರ್ಷಕ್ಕೆ ಸಾವಿರ. 4,000ದ ಕಂಪೋಸಿಟ್ ಐದು ವರ್ಷ ಬಂದರೆ ಎಂಟುನೂರು. ಅಂತರ ದೊಡ್ಡದಲ್ಲ ಅನ್ನಿಸಬಹುದು. ಆದರೆ ಹುಡುಗಿಗೆ ಈಗ ಇಪ್ಪತ್ತು. ಇಂದು ಎನಾಮಲ್ ಉಜ್ಜಿಸಿಕೊಂಡರೆ ಅರವತ್ತು ಆಗುವಷ್ಟರಲ್ಲಿ ಇದೇ ಖರ್ಚು ಇನ್ನೂ ಮೂರು ಬಾರಿ, ಆಗಿನ ಬೆಲೆಯಲ್ಲಿ. ಗಿರವಿ ಇಟ್ಟ ಬಂಗಾರದ ಬಡ್ಡಿ ಬೇರೆ. ಅಂದಕ್ಕಾಗಿ ಮಾಡುವ ದಂತ ಚಿಕಿತ್ಸೆಗೆ ಸಾಮಾನ್ಯವಾಗಿ ಆರೋಗ್ಯ ವಿಮೆಯೂ ದುಡ್ಡು ಕೊಡುವುದಿಲ್ಲ, ಸರ್ಕಾರದ ಉಚಿತ ಚಿಕಿತ್ಸಾ ಯೋಜನೆಗಳೂ ಕೊಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಹಲ್ಲು ಕಂದಾದದ್ದು ಏಕೆ? ಚಹಾ, ತಂಬಾಕು, ಮಶೇರಿಯ ಕಲೆ ಹೊರಗಿನದು. ಅದು ಸ್ವಚ್ಛ ಮಾಡಿಸಿದರೆ ಹೋಗುತ್ತದೆ; ಮಶೇರಿ ತಿಕ್ಕುವುದನ್ನು ಬಿಡದಿದ್ದರೆ ತಿರುಗಿ ಬರುತ್ತದೆ. (ತಾಯಂದಿರೇ, ಮಶೇರಿಯೂ ಸುಟ್ಟ ತಂಬಾಕೇ. ಹಲ್ಲು ಗಟ್ಟಿಯಾಗುತ್ತದೆಂಬುದು ಸುಳ್ಳು. ಒಸಡು ಕೆಡುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ.) ಆದರೆ ಚಿಕ್ಕಂದಿನಿಂದಲೇ ಇರುವ, ಅಡ್ಡಡ್ಡ ಗೆರೆಯಂತಿರುವ, ಎಷ್ಟು ಉಜ್ಜಿದರೂ ಹೋಗದ ಬಿಳಿ ಸುಣ್ಣದಂಥ ಅಥವಾ ಕಂದು ಕಲೆ ಹೆಚ್ಚಾಗಿ ಫ್ಲೋರೈಡಿನದು. ಅಮೆರಿಕದ ಕೊಲರಾಡೊದಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಇಂಥ ಹಲ್ಲುಗಳನ್ನು ಕಂಡು ಬೆರಗಾದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿದರು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಎಷ್ಟೋ ಹಳ್ಳಿಗಳಿಗೆ ಇದು ಹಳೆಯ ಗೋಳು.

ಹಲ್ಲು ದವಡೆಯ ಒಳಗೆ ರೂಪುಗೊಳ್ಳುವಾಗ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರು ಇದನ್ನು ತೀರ್ಮಾನಿಸುತ್ತದೆ. ದೊಡ್ಡವರಾದ ಮೇಲೆ ಅದೇ ನೀರು ಕುಡಿದರೆ ಹಲ್ಲಿಗೆ ಕಲೆ ಬೀಳುವುದಿಲ್ಲ. ಆದರೆ ಪ್ರಮಾಣ ಬಹಳವಿದ್ದು ಬಹುಕಾಲ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ.

ನಾವು ಆ ಕುಟುಂಬವನ್ನು ಕಲಬುರಗಿಯ ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿ ನಿಜಲಿಂಗಪ್ಪನವರ ಹೆಸರಿನದು, ಅಲ್-ಬದರ್ ಮುಂತಾದ ದಂತ ಕಾಲೇಜುಗಳಿವೆ; ವಿಜಯಪುರದಲ್ಲಿ ಅಲ್-ಅಮೀನ್ ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರಿನಲ್ಲಿ ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಶುಲ್ಕ ಸಾಮಾನ್ಯವಾಗಿ ಕಡಿಮೆ. ಪರೀಕ್ಷೆ ಮಾಡಿದ ವೈದ್ಯರು ಕಲೆ ಮೇಲ್ಪದರಿನಲ್ಲೇ ಇದೆ, ಮೊದಲು ಸುಲಭದ ಉಪಾಯ ನೋಡೋಣ ಎಂದರು. ಆಮ್ಲ ಮತ್ತು ಪ್ಯೂಮಿಸ್ ಪುಡಿಯಿಂದ ಕೂದಲೆಳೆಯಷ್ಟು ಪದರು ತಿಕ್ಕಿ ತೆಗೆಯುವ ವಿಧಾನ ಅದು. ನಾಲ್ಕು ಹಲ್ಲು ಅಷ್ಟರಲ್ಲೇ ತಿಳಿಯಾದವು. ನಡುವಿನ ಎರಡು ಹಲ್ಲಿಗೆ ಮಾತ್ರ ಕಂಪೋಸಿಟ್ ಹಾಕಿದರು. ಬಸ್ಸಿನ ಚಾರ್ಜೂ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು. ಬಂಗಾರ ಮನೆಯಲ್ಲೇ ಉಳಿಯಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ನಾವು ಹೇಳುವುದಿಲ್ಲ. ಕಲೆ ಆಳವಾಗಿದ್ದು ಹಲ್ಲು ಗುಂಡಿ ಬಿದ್ದಿದ್ದರೆ ಪಿಂಗಾಣಿಯೇ ಬೇಕಾದೀತು, ಆಗ ಹಾಕಿಸಿಕೊಳ್ಳುವುದು ಶೋಕಿಯೂ ಅಲ್ಲ. ಆದರೆ ಇನ್ನೊಬ್ಬ ವೈದ್ಯರಿಗೆ ತೋರಿಸದೆ ದುಡ್ಡು ಕಟ್ಟಬೇಡಿ. ಹುಳುಕು, ಒಸಡಿನ ರೋಗ ಇದ್ದರೆ ಅದನ್ನು ಮೊದಲು ವಾಸಿ ಮಾಡಿಸಿ.

ಹಾಕಿಸಿಕೊಂಡ ಮೇಲಿನ ಮಾತು ನಮ್ಮ ಕಡೆಯವರಿಗೆ ಕಷ್ಟದ್ದು. ಮುಂದಿನ ಹಲ್ಲಿನಿಂದ ಕಬ್ಬು ಸಿಗಿಯುವಂತಿಲ್ಲ. ಕಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿ ಹಿಂದಿನ ಹಲ್ಲಿನಿಂದ ಅಗಿಯಬೇಕು. ದಾರ ಕಡಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ಅಡಿಕೆ ಒಡೆಯುವುದು ಬಿಡಬೇಕು. ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಹೊದಿಕೆಯ ಹೊಳಪೂ ಹೋಗುತ್ತದೆ, ಹೊದಿಕೆ ಇಲ್ಲದ ಹಲ್ಲಿನ ಎನಾಮಲ್ಲೂ ಸವೆಯುತ್ತದೆ. ಮೆತ್ತನೆಯ ಬ್ರಷ್ ಸಾಕು.

ಆ ಮನೆಯಲ್ಲಿ ಹುಡುಗಿಯ ಅಣ್ಣನ ಮಗು ಇದೆ, ಎರಡು ವರ್ಷದ್ದು. ಅದೂ ಅದೇ ಬೋರಿನ ನೀರು ಕುಡಿಯುತ್ತದೆ. ಪಂಚಾಯತಿಯ ಜಲಸುರಕ್ಷಕರಿಗೆ ಹೇಳಿ ನೀರನ್ನು ಪರೀಕ್ಷೆಗೆ ಕಳಿಸಿದೆವು. ಫ್ಲೋರೈಡ್ ಮಿತಿ ಮೀರಿತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಹೆಚ್ಚಾಗುತ್ತದೆ. ಆರ್‌ಓ ಯಂತ್ರ ತೆಗೆಯುತ್ತದೆ. ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ, ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ನಳಗೊಂಡ ವಿಧಾನವನ್ನು ರೂಪಿಸಿದರು. ಅದನ್ನು ತಿಳಿದವರ ಕೈಯಿಂದ, ಅಳತೆಯಂತೆ ಮಾಡಿಸಬೇಕು. ಎಲ್ಲಕ್ಕಿಂತ ಅಗ್ಗದ್ದು ಮಳೆನೀರು. ಮಾಳಿಗೆಯ ಮೊದಲ ಮಳೆ ಹರಿದುಹೋಗಲು ಬಿಟ್ಟು, ಅನಂತರದ ನೀರನ್ನು ಸೋಸಿ ಮುಚ್ಚಿದ ಟಾಕಿಯಲ್ಲಿ ಹಿಡಿದು, ಕುದಿಸಿ ಮಗುವಿಗೆ ಕೊಡಬಹುದು. ಟೂತ್‌ಪೇಸ್ಟ್ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ನುಂಗದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಫೆಬ್ರವರಿ 9 ಹಲ್ಲುನೋವಿನವರ ಪಾಲಕಿ ಸಂತ ಅಪೊಲೋನಿಯಾಳ ಸ್ಮರಣೆಯ ದಿನ. 249ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಆಕೆಯ ಹಲ್ಲುಗಳನ್ನು ಹೊಡೆದು ಉದುರಿಸಿದ್ದರು. ಅದರ ಹಿಂದಿನ ಭಾನುವಾರ, ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರು ಕುಡಿಯುವ ನೀರನ್ನು ಸ್ವಚ್ಛವಾಗಿ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮೇಲೆ ಊರಿನ ಹೆಸರು, ಬೋರೋ ಬಾವಿಯೋ ಎಂಬುದನ್ನು ಬರೆದು ಪೂಜೆಗೆ ಬರುವಾಗ ತನ್ನಿ. ಎಲ್ಲವನ್ನೂ ಒಟ್ಟಿಗೆ ಪರೀಕ್ಷೆಗೆ ಕಳಿಸುತ್ತೇವೆ.