ಫೋಟೊ ತೆಗೆದ ಮೇಲಿನ ಕೆಲಸ

ಮಗಾ, ಜುಲೈ 1ಕ್ಕೆ ಕ್ಲಬ್ಬಿನ ಅಧ್ಯಕ್ಷಗಿರಿ ನಿನ್ನ ಹೆಗಲಿಗೆ ಬರುತ್ತಂತೆ, ಒಳ್ಳೆಯದಾಗಲಿ. ರೋಟರಿ ಆಗಲಿ, ಲಯನ್ಸ್ ಆಗಲಿ, ಮುಂದಿನ ಜೂನ್ 30ಕ್ಕೆ ಆ ಕುರ್ಚಿ ಬಿಟ್ಟು ಏಳಲೇಬೇಕು. ಪದಗ್ರಹಣ, ಸನ್ಮಾನ, ಫ್ಲೆಕ್ಸು ಅಂತ ಮೂರು ತಿಂಗಳು ಕಳೆದರೆ ಕೈಲಿ ಉಳಿಯುವುದು ಒಂಬತ್ತೇ. ಅದಕ್ಕೇ ಈಗಲೇ ನಾಲ್ಕು ಮಾತು ಹೇಳಿಬಿಡುತ್ತೇನೆ.

ಕ್ಲಬ್ಬು ಅಂದರೆ ಉಳ್ಳವರ ಕಾಲಹರಣ ಅನ್ನುವವರ ಮಾತಿಗೆ ಕಿವಿಗೊಡಬೇಡ. 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ರೋಟರಿ 1985ರಲ್ಲಿ ಪೋಲಿಯೊ ಓಡಿಸಲು ಪಣ ತೊಟ್ಟಿತು. ನಮ್ಮ ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಆದರೆ ಮನೆಮನೆಗೆ ಹೋಗಿ ಮಗುವಿನ ಬಾಯಿಗೆ ಎರಡು ಹನಿ ಹಾಕಿದವರಲ್ಲಿ ಹೆಚ್ಚಿನವರು ಅಂಗನವಾಡಿ, ಆಶಾ ಕಾರ್ಯಕರ್ತೆಯರು. ಕ್ಲಬ್ಬಿನ ಹಣ, ಸರ್ಕಾರದ ಕೈಕಾಲು ಎರಡೂ ಕೂಡಿದ್ದರಿಂದ ಅದು ದಡ ಮುಟ್ಟಿತು. ನಮ್ಮ ತಾಲ್ಲೂಕಿನ ಕೆಲಸಕ್ಕೂ ಇದೇ ದಾರಿ.

ಕಣ್ಣಿನ ಶಿಬಿರವನ್ನೇ ತಗೋ. ಆಲೂಗಡ್ಡೆ ಕೀಳುವ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಶಿಬಿರ ಇಟ್ಟರೆ ಹಾಸನದ ಸುತ್ತಿನ ಹಳ್ಳಿಯಿಂದ ಯಾರು ಬರುತ್ತಾರೆ? ಅರಕಲಗೂಡಿನ ಕಡೆ ತಂಬಾಕು ಬೇಯಿಸುವಾಗಲೂ ಅಷ್ಟೇ. ಬಂದವರಿಗೆ ಪೊರೆ ತೆಗೆಸಿ, ಹಸಿರು ಪಟ್ಟಿ ಕಟ್ಟಿಸಿ, ಸಾಲಾಗಿ ಕೂರಿಸಿ ಫೋಟೊ ತೆಗೆಯುತ್ತೀರಿ. ಆಮೇಲೆ? ರಾಮನಾಥಪುರದ ಕಡೆಯ ಅಜ್ಜಿ ವಾರಗಟ್ಟಲೆ ಕಣ್ಣಿಗೆ ಡ್ರಾಪ್ಸ್ ಬಿಡಬೇಕು, ಮತ್ತೆ ತಪಾಸಣೆಗೆ ಬರಬೇಕು. ಡ್ರಾಪ್ಸ್ ಬಿಡುವವರು ಯಾರು, ಜೊತೆಗೆ ಬರುವವರು ಯಾರು ಎಂದು ಕೇಳಿ ಬರೆದಿಟ್ಟುಕೊಂಡವನೇ ಸೇವೆ ಮಾಡಿದವನು.

ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸುವ ಮುಂಚೆ ಮೂರು ಪ್ರಶ್ನೆ ಕೇಳು: ಕರೆಂಟ್ ಬಿಲ್ ಯಾರದು, ಫಿಲ್ಟರ್ ಬದಲಿಸುವವರು ಯಾರು, ಕಾಯಿನ್ ಪೆಟ್ಟಿಗೆಯ ಕೀಲಿ ಯಾರ ಹತ್ತಿರ? ಇದಕ್ಕೆ ಉತ್ತರ ಗ್ರಾಮ ಪಂಚಾಯಿತಿಯ ನಡಾವಳಿಯಲ್ಲಿ ಬರಹದಲ್ಲಿ ಇರಲಿ. ಬಾಯಿಮಾತಿನ ಒಪ್ಪಿಗೆ ಪಿಡಿಒ ವರ್ಗವಾದ ದಿನವೇ ಮುಗಿಯುತ್ತದೆ. ಆಮೇಲೆ ಅಲ್ಲಿ ಉಳಿಯುವುದು ದಾನಿಗಳ ಹೆಸರಿನ ಕಲ್ಲು ಮಾತ್ರ.

ಇನ್ನು ಊರಿನ ಸ್ವಚ್ಛತೆ. ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಪುರಸಭೆ ಇದೆ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ ಇದೆ. 1964ರ ಪುರಸಭೆಗಳ ಕಾಯ್ದೆ ಪ್ರಕಾರ ಬೀದಿ ಗುಡಿಸುವುದು, ದೀಪ ಹಾಕುವುದು ಅವರ ಕಡ್ಡಾಯ ಕರ್ತವ್ಯ. ವರ್ಷಕ್ಕೊಂದು ದಿನ ನೀವು ಪೊರಕೆ ಹಿಡಿಯಿರಿ, ತಪ್ಪಿಲ್ಲ. ತಿಂಗಳು ತಿಂಗಳೂ ಹಿಡಿದರೆ ತೆರಿಗೆ ಕಟ್ಟಿಸಿಕೊಂಡವರಿಗೆ ರಜೆ ಕೊಟ್ಟಂತೆ. ಮುಖ್ಯಾಧಿಕಾರಿಗೆ ಅರ್ಜಿ ಕೊಡು, ಸ್ವೀಕೃತಿ ತಗೋ, ಹಿಂಬರಹ ಕೇಳು. ಅವರು ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕು ಇದೆ: ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ದನಿ ಏರಿಸದೆ, ಕಾಗದ ಬಿಡದೆ ಹೋದವನ ಕೆಲಸ ಆಗುತ್ತದೆ.

ಗ್ರಾಮಸಭೆಗೂ ಹೋಗು. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ನಿಮ್ಮ ಕೆಲಸ ಪಂಚಾಯಿತಿಯ ಕ್ರಿಯಾಯೋಜನೆಗೆ ಆಗಲೇ ಸೇರದಿದ್ದರೆ ಆಮೇಲೆ ಪಂಚಾಯಿತಿ ಬಾಗಿಲಲ್ಲಿ ನಿಂತು ಪ್ರಯೋಜನವಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತವೇ ಆಯಿತು. ಕೇಳುವ ಸದಸ್ಯನಿಲ್ಲದ ಕಡೆ ಪ್ರಜೆಯೇ ಕೇಳಬೇಕು.

ನಮ್ಮದು ರಾಜಕೀಯವನ್ನೇ ಉಂಡು ಉಡುವ ಜಿಲ್ಲೆ. ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿ ಕೂತ ದೇವೇಗೌಡರು 1996ರಲ್ಲಿ ಪ್ರಧಾನಿಯಾದರು; ಸ್ಥಳೀಯ ಸಂಸ್ಥೆ ಅಂದರೆ ಅಂಥ ಪಾಠಶಾಲೆ. ನಿನಗೂ ಚುನಾವಣೆಯ ಆಸೆ ಇದ್ದರೆ ಧಾರಾಳವಾಗಿ ನಿಲ್ಲು, ಆದರೆ ಕ್ಲಬ್ಬಿನ ಶಿಬಿರದಲ್ಲಿ ಓಟು ಕೇಳಬೇಡ. ಒಮ್ಮೆ ಪಕ್ಷದ ಬಣ್ಣ ಹತ್ತಿದರೆ ಅರ್ಧ ಊರು ದೂರ ನಿಲ್ಲುತ್ತದೆ.

ಜೂನ್ ಕೊನೆಗೆ ಮುಂದಿನವರಿಗೆ ಅಧಿಕಾರ ಒಪ್ಪಿಸುವಾಗ ಹಾರದ ಜೊತೆಗೆ ಒಂದು ಫೈಲನ್ನೂ ಕೊಡು: ಯಾವ ಅರ್ಜಿ ಎಲ್ಲಿದೆ, ಯಾವ ಘಟಕ ಕೆಟ್ಟಿದೆ, ಯಾವ ಅಜ್ಜಿ ಎರಡನೇ ಕಣ್ಣಿಗೆ ಕಾಯುತ್ತಿದ್ದಾಳೆ. ಅವರು ಹೊಸದಾಗಿ ಶುರು ಮಾಡದೆ ನಿನ್ನ ಕೆಲಸವನ್ನೇ ಮುಂದುವರಿಸಿದರೆ, ನಿನ್ನ ವರ್ಷ ಸಾರ್ಥಕ.