ಈಸಿ ಬಂದ ಮೇಲೆ ಕಿವಿ ಯಾಕೆ ನೋಯುತ್ತದೆ?

ಮಕ್ಕಳೇ, ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆ ಮಧ್ಯಾಹ್ನ ಹುಡುಗರು ಮನೆಯಲ್ಲಿ ಸಿಗುವುದಿಲ್ಲ. ಗೋಕಾಕ, ಮೂಡಲಗಿ ಕಡೆಯವರು ತೋಟದ ಬಾವಿಗೆ, ಘಟಪ್ರಭೆಯ ದಂಡೆಗೆ ಹೋಗುತ್ತಾರೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದವರಿಗೆ ಹಿರಣ್ಯಕೇಶಿ ಹೊಳೆಯೇ ಇದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು, ದೊಡ್ಡವರು ಜೊತೆಗಿದ್ದು ಕಲಿಸಿದರೆ ಈಜಿನಂಥ ವ್ಯಾಯಾಮ ಇನ್ನೊಂದಿಲ್ಲ. ಆದರೆ ಜೂನ್ ತಿಂಗಳಲ್ಲಿ ನಾನು ಶಾಲೆಗಳಿಗೆ ಹೋದಾಗ ಯಾರಾದರೊಬ್ಬರು ಕಿವಿ ಹಿಡಿದುಕೊಂಡು ಬಂದೇ ಬರುತ್ತಾರೆ. “ಸರ್, ಕಿವ್ಯಾಗ ನೀರು ಹೊಕ್ಕೈತ್ರಿ. ಆಯಿ ಬಿಸಿ ಎಣ್ಣಿ ಹಾಕ್ಯಾಳ್ರಿ, ಆದ್ರೂ ನೋವು ನಿಂತಿಲ್ರಿ.”

ಈ ನೋವು ಎಲ್ಲಿಂದ ಬಂತು? ನಮ್ಮ ಕಿವಿಯಲ್ಲಿ ಹೊರಕಿವಿ, ನಡುಕಿವಿ, ಒಳಕಿವಿ ಎಂದು ಮೂರು ಭಾಗಗಳಿವೆ. ಹೊರಕಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಉದ್ದವಿದ್ದು ಸ್ವಲ್ಪ ಬಾಗಿರುತ್ತದೆ. ಅದರ ಕೊನೆಯಲ್ಲಿ ತಮಟೆ ಎಂಬ ತೆಳುವಾದ ಪೊರೆ ಇದೆ. ಅಂದರೆ ಈ ನಾಳ ಒಂದು ಕಡೆ ಮುಚ್ಚಿದ ಸಣ್ಣ ಕೊಳವೆ.

ನೀವೇ ಮಾಡಿ ನೋಡಿ. ಹಣ್ಣಿನ ರಸದ ಪೊಟ್ಟಣದ ಜೊತೆ ಬರುವ ತೆಳುವಾದ ಸ್ಟ್ರಾದಿಂದ 2.5 ಸೆಂ.ಮೀ. ತುಂಡು ಕತ್ತರಿಸಿ ನೀರಿನಲ್ಲಿ ಮುಳುಗಿಸಿ. ಅಡ್ಡಲಾಗಿ ಹಿಡಿದು ಮೇಲೆತ್ತಿ. ನೀರು ಒಳಗೇ ನಿಂತಿರುತ್ತದೆ, ಅಲ್ಲವೇ? ಈಗ ಒಂದು ತುದಿಯನ್ನು ಒಣ ಬಟ್ಟೆಗೆ ತಾಗಿಸಿ. ನೀರು ಬಟ್ಟೆಗೆ ಹೀರಿಹೋಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ನೀರು ಗೋಡೆಗೆ ಅಂಟಿಕೊಂಡು ಸುಲಭವಾಗಿ ಹೊರಬರುವುದಿಲ್ಲ. ಕಿವಿಯಲ್ಲಿ ಆಗುವುದೂ ಇದೇ.

ಹೀಗೆ ನೀರು ಬಹಳ ಹೊತ್ತು ನಿಂತರೆ ನಾಳದ ಚರ್ಮ ಮೆತ್ತಗಾಗುತ್ತದೆ. ನಾವು ಹೊಲಸು ಎಂದು ತೆಗೆದು ಹಾಕುವ ಗುಗ್ಗೆ ನಿಜವಾಗಿ ಕಿವಿಯ ಕಾವಲುಗಾರ. ಅದು ಜಿಡ್ಡಾಗಿರುವುದರಿಂದ ಚರ್ಮಕ್ಕೆ ನೀರು ತಾಗದಂತೆ ತಡೆಯುತ್ತದೆ, ಆಮ್ಲೀಯವಾಗಿರುವುದರಿಂದ ಸೂಕ್ಷ್ಮಜೀವಿಗಳನ್ನು ಬೆಳೆಯಗೊಡುವುದಿಲ್ಲ. ಮೇಲಿಂದ ಮೇಲೆ ಮುಳುಗಿದಾಗ ಈ ಲೇಪ ತೊಳೆದುಹೋಗುತ್ತದೆ. ಆಗ ನೀರು ಮತ್ತು ಒದ್ದೆ ಮಣ್ಣಿನಲ್ಲಿ ವಾಸಿಸುವ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿಗೆ ದಾರಿ ಸಿಕ್ಕಂತೆ. ಮೊದಲು ತುರಿಕೆ, ಆಮೇಲೆ ನೋವು, ಬಾವು, ನೀರಿನಂಥ ಸೋರಿಕೆ. ಇದಕ್ಕೆ ‘ಈಜುಗಾರರ ಕಿವಿ’ ಎಂಬ ಹೆಸರೂ ಉಂಟು.

ಇದನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆಯಿರಿ, ನಾಳದ ಬಾಯಿಯ ಮುಂದಿರುವ ಸಣ್ಣ ಉಬ್ಬನ್ನು ಒತ್ತಿ. ನೋವು ಜೋರಾದರೆ ಅದು ಹೊರಕಿವಿಯ ಸೋಂಕು ಇರಬಹುದು. ನೆಗಡಿ, ಜ್ವರದ ಬೆನ್ನಿಗೆ ಬಂದ ಕಿವಿನೋವು ಹೆಚ್ಚಾಗಿ ನಡುಕಿವಿಯದು. ಅದರ ಚಿಕಿತ್ಸೆ ಬೇರೆ. ಕೊನೆಯ ತೀರ್ಮಾನ ಮಾತ್ರ ಕಿವಿಯೊಳಗೆ ಬೆಳಕು ಹಾಯಿಸಿ ನೋಡುವ ವೈದ್ಯರದೇ.

ಇಲ್ಲಿ ನನ್ನ ಗೆಳೆಯನೊಬ್ಬನ ಮಾತು ಹೇಳಬೇಕು. ಏಳನೆಯ ತರಗತಿಯಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂಡುತ್ತಿದ್ದೆವು. ಬಾವಿಯಲ್ಲಿ ಈಸಿ ಬಂದು, ಕಿವಿ ತುರಿಸುತ್ತದೆಂದು ಅಕ್ಕನ ಹೇರ್‌ಪಿನ್ ಹಾಕಿದ. ಕಿವಿ ಸೋರತೊಡಗಿತು. ಮನೆಯವರು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು. ಅಲ್ಲಿಂದ ಮುಂದೆ ಬಲಗಡೆಯಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಪಾಠದಲ್ಲಿ ಲಕ್ಷ್ಯವಿಲ್ಲವೆಂದು ಬೈಗಳು ತಿಂದ, ಏಟೂ ತಿಂದ. ವರ್ಷ ಕಳೆದ ಮೇಲೆ ಬೆಳಗಾವಿಯ ವೈದ್ಯರೊಬ್ಬರು ನೋಡಿ, ತಮಟೆಯಲ್ಲಿ ತೂತಿದೆ ಎಂದರು. ಅಷ್ಟರಲ್ಲಿ ಅವನು ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದ. ಈಗ ನಾನು ಶಾಲೆಗೆ ಹೋದಾಗ, ಕರೆದರೆ ತಿರುಗದ ಮಗುವಿನ ಇನ್ನೊಂದು ಪಕ್ಕಕ್ಕೆ ಹೋಗಿ ಮತ್ತೊಮ್ಮೆ ಕರೆಯುತ್ತೇನೆ.

ಆದ್ದರಿಂದ ಕಿವಿಗೆ ಪಿನ್ನು, ಬೆಂಕಿಕಡ್ಡಿ, ಪೆನ್ಸಿಲ್ ತುದಿ ಯಾವುದೂ ಬೇಡ. ಹತ್ತಿ ಸುತ್ತಿದ ಕಡ್ಡಿ ಕೂಡ ಗುಗ್ಗೆಯನ್ನು ಒಳಕ್ಕೇ ತಳ್ಳುತ್ತದೆ. ಕಿವಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದರೆ ನಂಬುತ್ತೀರಾ? ತಮಟೆಯ ಕಡೆಯಿಂದ ನಾಳದ ಚರ್ಮ ದಿನದಿನವೂ ತುಸುತುಸುವೇ ಹೊರಕ್ಕೆ ಸರಿಯುತ್ತಿರುತ್ತದೆ, ಹಳೆಯ ಗುಗ್ಗೆಯನ್ನೂ ಹೊತ್ತು ತರುತ್ತದೆ. ಹೊರಗೆ ಬಂದಷ್ಟನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಕಾಸಿದ ಎಣ್ಣೆ ಚರ್ಮವನ್ನು ಸುಡಬಹುದು, ಸೋಂಕನ್ನಂತೂ ಗುಣಪಡಿಸದು. ಆಯಿ ಪ್ರೀತಿಯಿಂದಲೇ ಹಾಕುತ್ತಾಳೆ, ನಿಜ. ಈ ಪುಟವನ್ನು ಅವಳಿಗೂ ಓದಿ ಹೇಳಿ.

ನೀರಿನಿಂದ ಮೇಲೆ ಬಂದ ಕೂಡಲೇ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಾಲೆಯನ್ನು ಹಿಂದಕ್ಕೆ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಬಾಗಿದ ನಾಳ ನೆಟ್ಟಗಾಗಿ ನೀರು ಇಳಿಯುತ್ತದೆ. ಇನ್ನೊಂದು ಕಿವಿಗೂ ಹಾಗೆಯೇ ಮಾಡಿ, ಒಣ ಟವೆಲ್‌ನಿಂದ ಹೊರಗಷ್ಟೇ ಒರೆಸಿ. ನಿಂತು ಪಾಚಿಗಟ್ಟಿದ ನೀರಿಗೆ, ದನ ತೊಳೆಯುವ ಜಾಗಕ್ಕೆ ಇಳಿಯಬೇಡಿ. ತಮಟೆ ತೂತಾಗಿದ್ದವರು, ಕಿವಿ ಸೋರುತ್ತಿರುವವರು ವೈದ್ಯರನ್ನು ಕೇಳದೆ ಈಸಲೇಬಾರದು.

ನೋವು ಬಂದೇಬಿಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಶಾಲೆಗೆ ಬಂದಾಗಲೂ ನಾಚದೆ ಹೇಳಿ. ಕಿವಿಯ ಹಿಂದೆ ಬಾವು ಬಂದರೆ, ಜ್ವರ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ನೀವೇ ಔಷಧ ತರಬೇಡಿ. ತಮಟೆ ತೂತಾಗಿದ್ದರೆ ಕೆಲವು ಹನಿಗಳಿಂದ ಒಳಕಿವಿಗೇ ಹಾನಿ. ವೈದ್ಯರು ಕೊಟ್ಟ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣನೆಯ ಹನಿ ಬಿದ್ದರೆ ತಲೆ ತಿರುಗುತ್ತದೆ. ಮಗ್ಗುಲಾಗಿ ಮಲಗಿ ಹಾಕಿಸಿಕೊಂಡು ಮೂರರಿಂದ ಐದು ನಿಮಿಷ ಹಾಗೆಯೇ ಇರಿ. ಎರಡು ಮೂರು ದಿನದಲ್ಲಿ ನೋವು ಇಳಿದರೂ ಹೇಳಿದಷ್ಟು ದಿನ ಔಷಧ ಮುಗಿಸಬೇಕು. ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಈಜು ಬಂದ್. ಅಷ್ಟು ದಿನ ದಂಡೆಯ ಮೇಲೆ ಕೂತು ಗೆಳೆಯರ ಅಂಗಿ ಚಡ್ಡಿ ಕಾಯುವ ಕೆಲಸ ನಿಮ್ಮದು.